ಹೆಡ್ ಕೆಲಸಕ್ಕೆ ದುಡ್ಡು ಎಲ್ಲಿ ಹಾಕಬೇಕು?

ಹಳೆಯ ಕಾರು ಕಾದು ದಾರಿಯಲ್ಲಿ ನಿಂತಿತೆಂದರೆ, ಅಥವಾ ರೇಡಿಯೇಟರಿನ ನೀರು ಎಲ್ಲಿ ಹೋಗುತ್ತಿದೆಯೆಂದು ತಿಳಿಯದಂತೆ ಖಾಲಿಯಾಗುತ್ತಿದೆಯೆಂದರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಹೆಡ್ ಬಿಚ್ಚಬೇಕು ಸಾರ್.’ ಆ ಮಾತು ಕಿವಿಗೆ ಬಿದ್ದ ಕೂಡಲೇ ಮಾಲೀಕರ ಮನಸ್ಸು ಎರಡು ಕಡೆ ಎಳೆಯುತ್ತದೆ. ಆದಷ್ಟು ಕಡಿಮೆ ಖರ್ಚಿನಲ್ಲಿ ಮುಗಿದರೆ ಸಾಕು ಎಂಬುದು ಒಂದು ಕಡೆ; ಹೇಗೂ ಬಿಚ್ಚುತ್ತಾರಲ್ಲ, ಪಿಕಪ್ ಹೆಚ್ಚುವಂತೆ ಏನಾದರೂ ಮಾಡಿಸೋಣವೇ ಎಂಬ ಆಸೆ ಇನ್ನೊಂದು ಕಡೆ. ಮೊದಲನೆಯ ದಾರಿ ಹಿಡಿದವರು ಒಂದು ಗ್ಯಾಸ್ಕೆಟ್ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ಎರಡನೆಯವರು ಪೋರ್ಟ್ ಉಜ್ಜಿಸಿ, ಹೆಡ್ ತಳ ಹೆಚ್ಚು ಕೆತ್ತಿಸಿ, ಕನ್ನಡಿಯ ಹಾಗೆ ಹೊಳೆಯುವ ಪಾಲಿಶ್‌ಗೆ ಹಣ ಸುರಿಯುತ್ತಾರೆ. ಎರಡೂ ಕಡೆ ದುಡ್ಡು ಪೋಲಾಗುವುದೇ ಹೆಚ್ಚು. ಕೈಯಲ್ಲಿ ಹಣ ಕಡಿಮೆ ಇದ್ದಾಗ ಸಿಲಿಂಡರ್ ಹೆಡ್‌ಗೆ ಮಾಡಿಸಬಹುದಾದ ಅತಿ ದೊಡ್ಡ ‘ಅಪ್‌ಗ್ರೇಡ್’ ಎಂದರೆ ಅದನ್ನು ಕಂಪನಿ ಹೇಳಿದ ಅಳತೆಗೆ ನಿಖರವಾಗಿ ತರುವುದು. ಶಕ್ತಿ ಹೆಚ್ಚಿಸುವ ಕಸರತ್ತುಗಳ ಸರದಿ ಅದಾದ ಮೇಲೆ ಬರಬೇಕು. ಬಹುಪಾಲು ಕಾರುಗಳ ಮಟ್ಟಿಗೆ ಆ ಸರದಿ ಬರಬೇಕಾದ ಅಗತ್ಯವೇ ಇಲ್ಲ. ಇದು ಬರೀ ಜಿಪುಣತನದ ಮಾತಲ್ಲ, ಲೆಕ್ಕ ಹಾಕಿದರೂ ಸಿಗುವ ಉತ್ತರ ಇದೇ.

ಎಂಜಿನ್ನಿನ ಬ್ಲಾಕಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಸಿಲಿಂಡರಿನ ಬಾಯಿಯನ್ನು ಮೇಲಿನಿಂದ ಮುಚ್ಚುವ ಭಾಗವೇ ಹೆಡ್. ಆದರೆ ಅದಕ್ಕೆ ಮುಚ್ಚುವ ಕೆಲಸವೊಂದೇ ಇಲ್ಲ. ಗಾಳಿ-ಪೆಟ್ರೋಲ್ ಒಳಗೆ ಬರುವ ದಾರಿ, ಸುಟ್ಟ ಅನಿಲ ಹೊರಹೋಗುವ ದಾರಿ (ಇವೇ ಪೋರ್ಟುಗಳು), ಅವೆರಡನ್ನೂ ತೆರೆದು ಮುಚ್ಚುವ ವಾಲ್ವ್‌ಗಳು, ಬೆಂಕಿ ಹೊತ್ತಿಕೊಳ್ಳುವ ಕೋಣೆ, ಸ್ಪಾರ್ಕ್ ಪ್ಲಗ್ಗು, ತಣ್ಣಗಾಗಿಸುವ ನೀರು ಹರಿಯುವ ಕಾಲುವೆಗಳು, ಆಯಿಲ್ ಓಡುವ ರಂಧ್ರಗಳು, ಇಂದಿನ ಎಷ್ಟೋ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಕೂಡ, ಎಲ್ಲವೂ ಆ ಒಂದೇ ಎರಕದ ತುಂಡಿನಲ್ಲಿವೆ. ಮಾರುತಿ 800ರಂಥ ಪುಟ್ಟ ಎಂಜಿನ್ನಿನಲ್ಲೂ ಸಿಲಿಂಡರಿನ ವ್ಯಾಸ 68.5 ಮಿ.ಮೀ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ 40-50 ಪಟ್ಟು ಏರುತ್ತದೆ. ಅಂದರೆ ಒಂದೊಂದು ಸಿಲಿಂಡರಿನ ಮೇಲೂ ಹೆಡ್ಡನ್ನು ಎತ್ತಿ ಬಿಸಾಡಲು ನೋಡುವ ಬಲ ಒಂದೂವರೆ ಟನ್ ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಇಷ್ಟು ಒತ್ತಡದಲ್ಲಿ, ಇಷ್ಟು ವೇಗದಲ್ಲಿ, ಇಷ್ಟು ಶಾಖದಲ್ಲಿ ಹೆಡ್ಡಿನ ಮೊದಲ ಧರ್ಮ ಸೋರದೆ ಇರುವುದು. ಗಾಳಿ ಎಷ್ಟು ಸಲೀಸಾಗಿ ಒಳಗೆ ಬರುತ್ತದೆ ಎಂಬ ಪ್ರಶ್ನೆ ಅದಾದ ಮೇಲಿನದು.

ಮಾರುತಿ 800 ಈ ವಾದಕ್ಕೆ ಒಳ್ಳೆಯ ಸಾಕ್ಷಿ. 1983ರ ಡಿಸೆಂಬರಿನಲ್ಲಿ ಬಂದ ಆ ಕಾರಿನ 796 ಸಿಸಿ ಎಂಜಿನ್ನಿಗೆ ಮೂರು ಸಿಲಿಂಡರ್, ಆರು ವಾಲ್ವ್. ಮುಂದೆ ಅದೇ 796 ಸಿಸಿ, ಅದೇ ವ್ಯಾಸ, ಅದೇ ಸ್ಟ್ರೋಕ್ ಇಟ್ಟುಕೊಂಡು ಹನ್ನೆರಡು ವಾಲ್ವ್‌ಗಳ ಹೆಡ್ ಇರುವ ಎಂಜಿನ್ನನ್ನು ಕಂಪನಿ ತಂದಿತು. ಆಲ್ಟೋದಲ್ಲಿ ಬಹುಕಾಲ ಓಡಿದ್ದು ಅದೇ. ಆರು ವಾಲ್ವಿನ ಎಂಜಿನ್ ಕೊಡುತ್ತಿದ್ದದ್ದು ಸುಮಾರು 37 ಅಶ್ವಶಕ್ತಿ, ಹನ್ನೆರಡು ವಾಲ್ವಿನದು 45ರಿಂದ 47. ಹೆಡ್ ಬದಲಾದರೆ ಶಕ್ತಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಹಾಗಿದ್ದರೂ ಅದೇ ಲೆಕ್ಕವನ್ನು ಇನ್ನೊಂದು ಮಗ್ಗುಲಿನಿಂದ ನೋಡಿ. ಕಂಪನಿಯ ಎಂಜಿನಿಯರುಗಳು ಇಡೀ ಹೆಡ್ಡನ್ನೇ ಹೊಸದಾಗಿ ರೂಪಿಸಿ, ಕ್ಯಾಮ್‌ಶಾಫ್ಟ್ ಬದಲಿಸಿ, ಎಲ್ಲವನ್ನೂ ಹೊಂದಿಸಿ ಗಳಿಸಿದ್ದು ಎಂಟು-ಹತ್ತು ಅಶ್ವಶಕ್ತಿ. ಹಳೆಯ ಎಂಜಿನ್ನಿನ 37ರಲ್ಲಿ ಒಂದೊಂದು ಸಿಲಿಂಡರಿನ ಪಾಲು ಹನ್ನೆರಡಕ್ಕಿಂತ ಹೆಚ್ಚು. ಒಂದು ಎಕ್ಸಾಸ್ಟ್ ವಾಲ್ವ್ ಸುಟ್ಟು ಆ ಸಿಲಿಂಡರ್ ಕೈಕೊಟ್ಟರೆ ಹೋಗುವುದು ಆ ಹನ್ನೆರಡು. ಅಂದರೆ ಒಂದು ವಾಲ್ವ್ ಸರಿಯಾಗಿ ಕೂರದಿದ್ದರೆ ಆಗುವ ನಷ್ಟ, ಕಾರ್ಖಾನೆಯ ಅತ್ಯುತ್ತಮ ಅಪ್‌ಗ್ರೇಡಿನಿಂದ ಬರುವ ಲಾಭಕ್ಕಿಂತ ದೊಡ್ಡದು. ಮೂರರಲ್ಲಿ ಒಂದು ಸೋರುತ್ತಿರುವಾಗ ಪೋರ್ಟ್ ಪಾಲಿಶ್‌ಗೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ವಾಲ್ವ್ ಕೂರುವುದು ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಣಬೆಯಾಕಾರದ ವಾಲ್ವಿನ ಅಂಚಿಗೆ ಸಾಮಾನ್ಯವಾಗಿ 45 ಡಿಗ್ರಿ ಇಳಿಜಾರು ಇರುತ್ತದೆ. ಹೆಡ್ಡಿನಲ್ಲಿ ಅದಕ್ಕೆ ಸರಿಹೊಂದುವ ಒಂದು ಉಂಗುರ, ಅದೇ ಸೀಟು. ಎರಡೂ ಮುಟ್ಟುವ ಜಾಗದ ಅಗಲ ಒಂದರಿಂದ ಎರಡು ಮಿ.ಮೀ. ಒಳಗೆ. ಆ ಸಣ್ಣ ಪಟ್ಟಿ ಒತ್ತಡವನ್ನು ತಡೆಹಿಡಿಯುತ್ತದೆ, ಜೊತೆಗೆ ಶಾಖವನ್ನೂ ಸಾಗಿಸುತ್ತದೆ. ಪೂರ್ತಿ ಭಾರದಲ್ಲಿ ಎಕ್ಸಾಸ್ಟ್ ವಾಲ್ವಿನ ತಲೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗೆ ಕಾಯುತ್ತದೆ. ಆ ಶಾಖದ ಸುಮಾರು ಮುಕ್ಕಾಲು ಪಾಲು ಇಳಿದುಹೋಗುವುದು ಸೀಟಿನ ಮೂಲಕ, ವಾಲ್ವ್ ಮುಚ್ಚಿಕೊಂಡಿರುವ ಹೊತ್ತಿನಲ್ಲಿ. ಉಳಿದದ್ದು ವಾಲ್ವಿನ ಕಡ್ಡಿಯಿಂದ, ಆ ಕಡ್ಡಿ ಜಾರುವ ಕೊಳವೆಯಾದ ಗೈಡಿಗೆ ಹೋಗುತ್ತದೆ. ಸೀಟು ಒಂದು ಕಡೆ ಸರಿಯಾಗಿ ಮುಟ್ಟದಿದ್ದರೆ ಅಲ್ಲಿ ಶಾಖ ಇಳಿಯುವುದಿಲ್ಲ. ಸಂದಿನಿಂದ ಬಿಸಿ ಅನಿಲ ನುಗ್ಗುತ್ತದೆ. ಅಂಚು ಮತ್ತಷ್ಟು ಕಾದು, ಕೊನೆಗೆ ಒಂದು ಚೂರು ಕರಗಿ ಕಿತ್ತುಹೋಗುತ್ತದೆ. ಸುಟ್ಟ ವಾಲ್ವ್ ಎಂದು ಮೆಕ್ಯಾನಿಕ್ ಕೈಗೆ ಕೊಟ್ಟು ತೋರಿಸುವುದು ಇದನ್ನೇ. ಹಾಗಾಗಿ ಸೀಟಿನ ಅಗಲ, ವಾಲ್ವಿನ ಅಂಚಿನಲ್ಲಿ ಅದು ಮುಟ್ಟುವ ಜಾಗ, ಗೈಡಿನ ನಡುಗೆರೆಗೆ ಅದು ಸರಿಯಾಗಿ ಸುತ್ತಿರುವುದು, ಇವು ಮೂರೂ ಸರಿಯಿದ್ದರೆ ಹೆಡ್ಡಿನ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಪೇಸ್ಟ್ ಹಾಕಿ, ರಬ್ಬರ್ ಕೋಲಿನಿಂದ ವಾಲ್ವನ್ನು ಕೈಯಲ್ಲೇ ತಿರುಗಿಸಿ ಲ್ಯಾಪಿಂಗ್ ಮಾಡಿದರೆ ಸಾಲದೇ, ಅದಕ್ಕೆ ಯಂತ್ರವೇಕೆ, ಹೆಚ್ಚಿಗೆ ಖರ್ಚೇಕೆ? ಗೈಡು ಸವೆಯದೆ ಸೀಟು ಕೆಡದೆ ಇದ್ದರೆ ಲ್ಯಾಪಿಂಗ್ ಒಳ್ಳೆಯದೇ, ಅಗ್ಗವೂ ಹೌದು. ಗೈಡು ಸವೆದಿದ್ದರೆ ಮಾತ್ರ ಅದೇ ಕೆಲಸ ಮೋಸ ಮಾಡುತ್ತದೆ. ಸುಜುಕಿಯ ಕೈಪಿಡಿಗಳಲ್ಲಿ ವಾಲ್ವಿನ ಕಡ್ಡಿಗೂ ಗೈಡಿಗೂ ನಡುವೆ ಇರಬಹುದಾದ ಅಂತರದ ಕೊನೆಯ ಮಿತಿ ಇನ್‌ಲೆಟ್‌ನಲ್ಲಿ 0.07 ಮಿ.ಮೀ., ಎಕ್ಸಾಸ್ಟಿನಲ್ಲಿ 0.09. ಅದಕ್ಕಿಂತ ಸಡಿಲವಾದ ಗೈಡಿನಲ್ಲಿ ವಾಲ್ವ್ ಪ್ರತಿಸಲ ಬೇರೆ ಬೇರೆ ಕಡೆ ವಾಲಿ ಕೂರುತ್ತದೆ. ಪೇಸ್ಟ್ ಹಾಕಿ ಎಷ್ಟು ಉಜ್ಜಿದರೂ ಸೀಟು ಅಗಲವಾಗುತ್ತದೆಯೇ ಹೊರತು ಗುಂಡಗಾಗುವುದಿಲ್ಲ. ಅಗಲವಾದ ಸೀಟಿನ ಮೇಲೆ ಮಸಿ ಕಟ್ಟುತ್ತದೆ, ಒತ್ತಡ ಹಂಚಿಹೋಗುತ್ತದೆ, ಸೋರಿಕೆ ಮತ್ತೆ ಶುರುವಾಗುತ್ತದೆ. ಆದ್ದರಿಂದ ಕೆಲಸದ ಕ್ರಮ ಮುಖ್ಯ: ಮೊದಲು ಗೈಡು, ಆಮೇಲೆ ಆ ಗೈಡನ್ನೇ ಆಧಾರವಾಗಿಟ್ಟುಕೊಂಡು ಸೀಟು ಕಟಿಂಗ್, ಕೊನೆಗೆ ಬೇಕಿದ್ದರೆ ಹಗುರವಾಗಿ ಲ್ಯಾಪಿಂಗ್. ಕೆಲಸ ಸರಿಯಾಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಸೀಟಿಗೆ ತೆಳುವಾಗಿ ನೀಲಿ ಬಣ್ಣದ ಮಾರ್ಕಿಂಗ್ ಪೇಸ್ಟ್ ಸವರಿ, ವಾಲ್ವನ್ನು ಒಮ್ಮೆ ಒತ್ತಿ ತೆಗೆದರೆ ಅಂಚಿನ ಸುತ್ತ ಎಲ್ಲೂ ಮುರಿಯದ ಒಂದು ತೆಳು ನೀಲಿ ಗೆರೆ ಮೂಡಬೇಕು. ಸ್ಪ್ರಿಂಗು, ವಾಲ್ವು, ಪ್ಲಗ್ಗು ಕೂರಿಸಿದ ಮೇಲೆ ಹೆಡ್ಡನ್ನು ತಲೆಕೆಳಗಾಗಿಟ್ಟು ದಹನಕೋಣೆಗೆ ಸೀಮೆಎಣ್ಣೆ ಸುರಿದು ಕೆಲವು ನಿಮಿಷ ಬಿಟ್ಟರೆ, ಪೋರ್ಟಿನ ಒಳಗೆ ಒದ್ದೆ ಕಾಣಬಾರದು. ಈ ಎರಡು ಪರೀಕ್ಷೆಗಳನ್ನು ಕಣ್ಣೆದುರಿಗೆ ಮಾಡಿ ತೋರಿಸಿ ಎಂದು ಯಾವ ಗಿರಾಕಿಯಾದರೂ ಕೇಳಬಹುದು.

ಗೈಡು ಸವೆದರೆ ಇನ್ನೊಂದು ಲಕ್ಷಣ ಹೊಗೆಯಲ್ಲಿ ಕಾಣುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ ಎಳೆತ ಜೋರಾಗಿರುತ್ತದೆ; ಸವೆದ ಗೈಡು, ಗಟ್ಟಿಯಾದ ವಾಲ್ವ್ ಸೀಲುಗಳ ಸಂದಿನಿಂದ ಆಯಿಲ್ ಒಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆಯ ಒಂದು ಉಂಡೆ ಏಳುತ್ತದೆ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೂ ಮೊದಲ ಅನುಮಾನ ಈ ಸೀಲುಗಳ ಮೇಲೆಯೇ. ಒಂದೇ ಸಮನೆ ಹೊಗೆ ಬರುತ್ತಿದ್ದರೆ ಮಾತ್ರ ಪಿಸ್ಟನ್ ರಿಂಗಿನ ಕಡೆ ನೋಡಬೇಕು. ಇಲ್ಲಿ ಹಳೆಯ ಮೆಕ್ಯಾನಿಕ್‌ಗಳ ಒಂದು ಎಚ್ಚರಿಕೆಯ ಮಾತನ್ನೂ ಗಮನಿಸಬೇಕು: ಹೆಡ್ ಮಾತ್ರ ಗಟ್ಟಿ ಮಾಡಿದರೆ ಕೆಳಗಿನ ರಿಂಗ್ ತಡೆಯುವುದಿಲ್ಲ, ಆಯಿಲ್ ಕುಡಿಯಲು ಶುರುಮಾಡುತ್ತದೆ ಎಂದು ಅವರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ, ಸವೆದ ರಿಂಗಿನ ದೌರ್ಬಲ್ಯ ಹೊಸ ವಾಲ್ವಿನ ಪಕ್ಕದಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಉತ್ತರ ಹೆಡ್ ಕೆಲಸ ಬಿಡುವುದಲ್ಲ, ಬಿಚ್ಚುವ ಮೊದಲು ಅಳೆಯುವುದು. ಪ್ಲಗ್ಗಿನ ಜಾಗಕ್ಕೆ ಕಂಪ್ರೆಶನ್ ಗೇಜ್ ಹಾಕಿ ಒಂದೊಂದು ಸಿಲಿಂಡರಿನ ಒತ್ತಡ ಬರೆದುಕೊಳ್ಳಬೇಕು. ಒಂದಕ್ಕೂ ಇನ್ನೊಂದಕ್ಕೂ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತವೆ ಸುಜುಕಿಯ ಕೈಪಿಡಿಗಳು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ರಿಂಗೇ ಹೋಗಿದ್ದರೆ ಹೆಡ್ಡಿಗೆ ಹಾಕುವ ದುಡ್ಡನ್ನು ಅಲ್ಲಿಗೇ ತಡೆಹಿಡಿಯುವುದು ಜಾಣತನ.

ಸೋರಿಕೆಯ ಇನ್ನೊಂದು ಹೆಬ್ಬಾಗಿಲು ಹೆಡ್ಡಿನ ತಳ. ಬಹಳಷ್ಟು ಕಾರುಗಳಲ್ಲಿ ಬ್ಲಾಕು ಬೀಡು ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 30 ಸೆಂ.ಮೀ. ಉದ್ದದ ಅಲ್ಯುಮಿನಿಯಂ ತುಂಡು 80 ಡಿಗ್ರಿ ಹೆಚ್ಚು ಕಾದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಸಾಮಾನ್ಯ ದಿನಗಳಲ್ಲಿ ಈ ಎಳೆದಾಟವನ್ನು ಎರಡರ ನಡುವೆ ಕೂತ ಗ್ಯಾಸ್ಕೆಟ್ಟು ಸಹಿಸಿಕೊಳ್ಳುತ್ತದೆ. ನೀರು ಬತ್ತಿ ಎಂಜಿನ್ ಕೆಂಡವಾದಾಗ ಮಾತ್ರ ಬೋಲ್ಟುಗಳ ನಡುವೆ ಸಿಕ್ಕಿಕೊಂಡ ಹೆಡ್ಡು ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ತಣ್ಣಗಾದ ಮೇಲೂ ಆ ಬಾಗು ಉಳಿಯುತ್ತದೆ. ಎಷ್ಟು ಬಾಗಿದರೆ ಕೆಟ್ಟದ್ದು? ಸುಜುಕಿಯ ಮಿತಿ 0.05 ಮಿ.ಮೀ., ತಲೆಗೂದಲಿನ ದಪ್ಪಕ್ಕಿಂತ ಹೆಚ್ಚೇನೂ ಅಲ್ಲ. ಇದನ್ನು ಬರಿಗಣ್ಣಿನಿಂದ ನೋಡಿ ‘ಹೆಡ್ ನೇರವಾಗಿದೆ’ ಎಂದು ಹೇಳಲು ಯಾರಿಂದಲೂ ಆಗದು. ನಿಖರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ 0.05ರ ಫೀಲರ್ ಗೇಜ್ ತೂರುತ್ತದೆಯೇ ಎಂದು ನೋಡುವುದೊಂದೇ ದಾರಿ. ತೂರಿದರೆ ಫೇಸಿಂಗ್ (ತಳವನ್ನು ಸಮವಾಗಿ ಕೆತ್ತುವುದು) ಬೇಕು, ತೂರದಿದ್ದರೆ ಬೇಡ. ಕಾದು ನಿಂತ ಹೆಡ್ಡಿಗೆ ಬಿರುಕಿನ ಪರೀಕ್ಷೆಯೂ ಆಗಬೇಕು. ನೀರಿನ ದಾರಿಗಳನ್ನು ಮುಚ್ಚಿ, ಒಳಗೆ ಗಾಳಿ ಒತ್ತಿ, ಬಿಸಿನೀರಿನಲ್ಲಿ ಮುಳುಗಿಸಿದರೆ ಬಿರುಕಿರುವ ಕಡೆ ಗುಳ್ಳೆ ಏಳುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿಸಬೇಕು. ಗೈಡು, ಸೀಟು, ಫೇಸಿಂಗ್ ಎಲ್ಲಕ್ಕೂ ದುಡ್ಡು ಕೊಟ್ಟ ಮೇಲೆ ಎರಡು ಸೀಟಿನ ನಡುವೆ ಬಿರುಕು ಕಂಡರೆ ಅಷ್ಟೂ ಹಣ ಗುಜರಿಗೆ ಹೋದ ಹಾಗೆಯೇ.

ಫೇಸಿಂಗ್ ಮಾತು ಬಂದಾಗ ಶಕ್ತಿಪ್ರಿಯರ ಆಕ್ಷೇಪವೂ ಬರುತ್ತದೆ. ಹೇಗೂ ತಳ ಕೆತ್ತುತ್ತೀರಲ್ಲ, ಇನ್ನಷ್ಟು ಕೆತ್ತಿದರೆ ದಹನಕೋಣೆ ಚಿಕ್ಕದಾಗಿ ಕಂಪ್ರೆಶನ್ ಏರುತ್ತದೆ, ಬಿಟ್ಟಿ ಶಕ್ತಿ ಸಿಗುತ್ತದೆ ಎನ್ನುತ್ತಾರೆ. ತತ್ವ ಸರಿ, ಪ್ರಮಾಣ ಮಾತ್ರ ಬಹಳ ಸಣ್ಣದು. 796 ಸಿಸಿಯ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಪಾಲು 265 ಸಿಸಿ. ಕಂಪ್ರೆಶನ್ ಅನುಪಾತ 9ಕ್ಕೆ 1 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 33 ಸಿಸಿ. ಧೈರ್ಯ ಮಾಡಿ ಅರ್ಧ ಮಿ.ಮೀ. ಕೆತ್ತಿಸಿದರೂ ಕಡಿಮೆಯಾಗುವುದು ಎರಡು ಸಿಸಿ ಒಳಗೆ, ಅನುಪಾತ 9.5 ಮುಟ್ಟುವುದೂ ಕಷ್ಟ. ಪುಸ್ತಕದ ಆದರ್ಶ ಲೆಕ್ಕದಲ್ಲೇ ಅದರಿಂದ ಬರುವ ದಕ್ಷತೆಯ ಹೆಚ್ಚಳ ಶೇ. 1.5 ದಾಟದು. ಅಷ್ಟಕ್ಕೆ ತೆರುವ ಬೆಲೆ ಏನು? ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲಿರುವ ಎಂಜಿನ್ನುಗಳಲ್ಲಿ ಹೆಡ್ಡು ಕೆಳಗಿಳಿದಷ್ಟೂ ಬೆಲ್ಟಿನ ಲೆಕ್ಕ ತಪ್ಪಿ ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತದೆ. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ, ಏರಿನಲ್ಲಿ, ಸಾಮಾನ್ಯ ಪೆಟ್ರೋಲಿನಲ್ಲಿ ಎಂಜಿನ್ ‘ನಾಕ್’ ಹೊಡೆಯುವ ಸಂಭವ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂದು ಅನಗತ್ಯವಾಗಿ ಕೆತ್ತಿದ ಲೋಹ ನಾಳೆ ಹೆಡ್ಡು ಮತ್ತೊಮ್ಮೆ ಬಾಗಿದಾಗ ಬೇಕಾಗುತ್ತದೆ. ಅಂದು ಅದು ಇರುವುದಿಲ್ಲ. ತಳ ಸಮವಾಗುವಷ್ಟು ಮಾತ್ರ ಕೆತ್ತಿ ನಿಲ್ಲಿಸಿ ಎಂಬುದೇ ಲೇತ್ ಅಂಗಡಿಗೆ ಕೊಡಬೇಕಾದ ಸೂಚನೆ.

ಪೋರ್ಟ್ ಉಜ್ಜುವ ವಿಷಯ ಇನ್ನೂ ಸ್ವಾರಸ್ಯಕರ, ಏಕೆಂದರೆ ಅದರಲ್ಲಿ ನಿಜವಾದ ವಿಜ್ಞಾನವಿದೆ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಪೋರ್ಟುಗಳ ಮೂಲಕ ಎಷ್ಟು ಗಾಳಿ ಹರಿಯುತ್ತದೆಂದು ಅಳೆದು ನೋಡಿ ಹೆಡ್ಡುಗಳ ಆಕಾರ ನಿರ್ಧರಿಸುವ ಪದ್ಧತಿಗೆ ಹೆಸರಾದವರು. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಎಂಜಿನ್ನುಗಳ ಹೃದಯಾಕಾರದ ದಹನಕೋಣೆ ಅವರ ವಿನ್ಯಾಸ. ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ ಅದೇ ಬ್ರಿಟಿಷ್ ಕುಟುಂಬದ್ದು. ಆ ಕುಟುಂಬದ ಎಂಜಿನ್ನುಗಳನ್ನು ಮಿನಿ, ಎಂಜಿಬಿ ಕಾರುಗಳಲ್ಲಿ ಓಡಿಸಿದ ಬ್ರಿಟನ್ನಿನ ಹವ್ಯಾಸಿಗಳು ಮನೆಯ ಶೆಡ್ಡಿನಲ್ಲೇ ಹೆಡ್ ತಿದ್ದಿ ಶಕ್ತಿ ಹೆಚ್ಚಿಸಿಕೊಂಡರು. ಡೇವಿಡ್ ವಿಝಾರ್ಡ್ ಅವರಂಥ ಲೇಖಕರು ಅದನ್ನು ಅಳತೆಗಳ ಸಮೇತ ಬರೆದಿಟ್ಟರು. ಆ ಅಳತೆಗಳಿಂದ ಹೊರಟ ಪಾಠ ಮಾತ್ರ ಪಾಲಿಶ್ ಅಂಗಡಿಯವರಿಗೆ ಹಿತವಾಗುವಂಥದ್ದಲ್ಲ. ಗಾಳಿಗೆ ಹೆಚ್ಚು ಅಡ್ಡಿಯಾಗುವುದು ಉದ್ದನೆಯ ಪೋರ್ಟಿನ ಗೋಡೆಗಳಲ್ಲ. ವಾಲ್ವ್ ಸೀಟಿನ ಮೇಲೆ ಕೆಳಗಿನ ಕೆಲವೇ ಮಿ.ಮೀ. ಜಾಗ. ವಾಲ್ವ್ ತನ್ನ ವ್ಯಾಸದ ಕಾಲು ಭಾಗದಷ್ಟು ಎತ್ತರಕ್ಕೆ ಏಳುವವರೆಗೆ ಗಾಳಿ ನುಸುಳುವ ಸಂದು ವಾಲ್ವಿನ ಬಾಯಿಗಿಂತ ಚಿಕ್ಕದಾಗಿಯೇ ಇರುತ್ತದೆ. ಆದ್ದರಿಂದ 45 ಡಿಗ್ರಿಯ ಸೀಟಿಗೆ ಮೇಲೆ 30, ಕೆಳಗೆ 60 ಡಿಗ್ರಿಯ ಇಳಿಜಾರು ಕೊಟ್ಟು ಮೂರು ಕೋನದಲ್ಲಿ ಕತ್ತರಿಸಿದರೆ ಸೀಟಿನ ಅಗಲವೂ ಸರಿಹೋಗುತ್ತದೆ, ಗಾಳಿಗೆ ತಿರುವೂ ಸಲೀಸಾಗುತ್ತದೆ. ಸೋರಿಕೆ ನಿಲ್ಲಿಸುವ ರಿಪೇರಿ ಮತ್ತು ಶಕ್ತಿ ಕೊಡುವ ಸುಧಾರಣೆ ಒಂದೇ ಖರ್ಚಿನಲ್ಲಿ ಸಿಗುವುದು ಇಲ್ಲಿ ಮಾತ್ರ. ಇನ್‌ಲೆಟ್ ಪೋರ್ಟನ್ನು ಕನ್ನಡಿ ಮಾಡುವುದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಗೋಡೆ ತುಸು ಒರಟಾಗಿದ್ದರೇ ಪೆಟ್ರೋಲ್ ಹನಿಗಳು ಗಾಳಿಯಲ್ಲಿ ಬೆರೆಯಲು ಒಳ್ಳೆಯದು.

ಅಷ್ಟಾದರೂ ಪೋರ್ಟ್ ಕೆಲಸದಿಂದ ವೇಗ ಹೆಚ್ಚುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ನಿಮಿಷಕ್ಕೆ 5,000 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಗಾಳಿ ಎಳೆದುಕೊಳ್ಳುವ ಅವಧಿ 6 ಮಿಲಿಸೆಕೆಂಡ್, 2,000ದಲ್ಲಿ 15. ಅವಧಿ ಕಡಿಮೆಯಿದ್ದಾಗ ದಾರಿ ಅಗಲವಿರಬೇಕು. ಅವಧಿ ಧಾರಾಳವಾಗಿದ್ದಾಗ ದಾರಿಯ ಅಗಲದಿಂದ ಬರುವ ಲಾಭ ಸಣ್ಣದು. ಬೆಂಗಳೂರಿನ ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಕಾರು 5,000 ಸುತ್ತು ಕಾಣುವುದೇ ಅಪರೂಪ. ಪೋರ್ಟನ್ನು ಅಗತ್ಯಕ್ಕಿಂತ ಅಗಲ ಮಾಡಿದರೆ ಕಡಿಮೆ ವೇಗದಲ್ಲಿ ಗಾಳಿಯ ಓಟ ನಿಧಾನವಾಗಿ ಪಿಕಪ್ ಇನ್ನಷ್ಟು ಮಂಕಾಗುವ ಅಪಾಯವೂ ಇದೆ. ರ‍್ಯಾಲಿ ಓಡಿಸುವವರ ಲೆಕ್ಕ ಬೇರೆ. ಅವರು ಎಂಜಿನ್ನನ್ನು ತುದಿಯ ವೇಗದಲ್ಲಿ ದುಡಿಸುತ್ತಾರೆ, ಪ್ರತಿ ರ‍್ಯಾಲಿಯ ನಂತರ ಬಿಚ್ಚಿ ನೋಡುತ್ತಾರೆ. ದಿನಬಳಕೆಯವರು ಅವರ ಖರ್ಚನ್ನು ಅನುಕರಿಸಬಹುದೇ ಹೊರತು ಅವರ ಲಾಭವನ್ನು ಪಡೆಯಲಾರರು. ಕೈಯಿಂದಲೇ ಮಾಡಬಹುದಾದ ಒಂದು ಸಣ್ಣ ಕೆಲಸ ಮಾತ್ರ ಎಲ್ಲರಿಗೂ ಯೋಗ್ಯ: ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಪೋರ್ಟಿನ ಬಾಯಿಗೆ ಅಡ್ಡ ಬಂದಿದ್ದರೆ ಆ ಚಾಚನ್ನು ಕತ್ತರಿಸುವುದು, ಎರಕದಲ್ಲಿ ಉಳಿದ ಮೊನಚನ್ನು ಉಜ್ಜಿ ತೆಗೆಯುವುದು.

ಗುಜರಿಯಿಂದ ಹನ್ನೆರಡು ವಾಲ್ವಿನ ಹೆಡ್ ತಂದು ಕೂರಿಸಿದರೆ ಅಗ್ಗವಾಗದೇ ಎಂಬ ಸಲಹೆಯೂ ಆಗಾಗ ಕೇಳುತ್ತದೆ. ಬೇರೆ ಮಾದರಿಯ ಹೆಡ್ ಬಂದರೆ ಅದರ ಮ್ಯಾನಿಫೋಲ್ಡು, ಇಂಧನ ವ್ಯವಸ್ಥೆ, ಇಗ್ನಿಶನ್ ಎಲ್ಲವೂ ಹಿಂದೆಯೇ ಬರಬೇಕು. ಕೊನೆಗೆ ಇಡೀ ಎಂಜಿನ್ನಿನ ಬೆಲೆಗೆ ಬಂದು ನಿಲ್ಲುತ್ತದೆ. ಎಂಜಿನ್ನನ್ನೇ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ದಾಖಲೆಯ ಕೆಲಸವೂ ಸೇರಿಕೊಳ್ಳುತ್ತದೆ. ಅದೇ ಮಾದರಿಯ ಹಳೆಯ ಹೆಡ್ ತರುವುದು ಕೆಲವೊಮ್ಮೆ ಅನಿವಾರ್ಯ, ಮೂಲದ್ದು ಬಿರುಕು ಬಿಟ್ಟಿದ್ದರೆ ಬೇರೆ ದಾರಿಯಿಲ್ಲ. ಆಗಲೂ ತಂದ ಹೆಡ್ ಯಾವುದೋ ಕಾರು ಕಾದು ಸತ್ತದ್ದರಿಂದಲೇ ಗುಜರಿಗೆ ಬಂದಿರಬಹುದು ಎಂದು ಅನುಮಾನಿಸಿಯೇ ಮುಂದುವರಿಯಬೇಕು. ಬಿರುಕಿನ ಪರೀಕ್ಷೆ, ತಳದ ಅಳತೆ, ಜೊತೆಗೆ ಕ್ಯಾಮ್‌ಶಾಫ್ಟ್ ಕೂರುವ ಜಾಗಗಳ ಸವೆತ ನೋಡದೆ ಹಣ ಕೊಡಬಾರದು. ಅಲ್ಯುಮಿನಿಯಂನಲ್ಲೇ ನೇರವಾಗಿ ಕ್ಯಾಮ್ ತಿರುಗುವ ಹೆಡ್ಡುಗಳಲ್ಲಿ ಆ ಜಾಗ ಸವೆದರೆ ಬದಲಿಸಲು ಬೇರಿಂಗ್ ಇರುವುದಿಲ್ಲ.

ಹಾಗಾದರೆ ಹಣ ಕೊಟ್ಟು ಮಾಡಿಸಲೇಬೇಕಾದ ಅಪ್‌ಗ್ರೇಡ್ ಯಾವುದೂ ಇಲ್ಲವೇ? ಒಂದಿದೆ, ಗಟ್ಟಿ ಸೀಟು. ಭಾರತದಲ್ಲಿ 2000ದ ಫೆಬ್ರುವರಿಯಿಂದ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು. ಆರೋಗ್ಯದ ದೃಷ್ಟಿಯಿಂದ ಅದು ಆಗಲೇಬೇಕಿದ್ದ ಕೆಲಸ. ಆದರೆ ಆ ಸೀಸವೇ ಹಳೆಯ ಎಂಜಿನ್ನುಗಳಲ್ಲಿ ವಾಲ್ವಿಗೂ ಸೀಟಿಗೂ ನಡುವೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. ಹಳೆಯ ಅಂಬಾಸಿಡರಿನಂಥ ಬೀಡು ಕಬ್ಬಿಣದ ಹೆಡ್ಡಿನಲ್ಲಿ ಸೀಟನ್ನು ಹೆಡ್ಡಿನ ಲೋಹದಲ್ಲೇ ಕೊರೆದಿರುತ್ತಾರೆ. ಸೀಸವಿಲ್ಲದ ಪೆಟ್ರೋಲಿನಲ್ಲಿ ಜೋರಾಗಿ, ಬಹಳ ಹೊತ್ತು ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಆ ಲೋಹವನ್ನು ಸವೆಸಿ ಒಳಗಿಳಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿದಾಗಲೂ ಆಗುವುದು ಇದೇ. ಗ್ಯಾಸ್ ಒಣ ಇಂಧನ, ಸೀಟಿಗೆ ಅದರಿಂದ ಯಾವ ರಕ್ಷಣೆಯೂ ಸಿಗದು. ವಾಲ್ವ್ ಒಳಗಿಳಿದಷ್ಟೂ ಅದರ ಕಡ್ಡಿ ಮೇಲೇರಿ, ಅದನ್ನು ಒತ್ತಿ ತೆರೆಯುವ ರಾಕರಿಗೆ ತಾಗುತ್ತದೆ. ಮಾರುತಿ 800ರಲ್ಲಿ ತಣ್ಣಗಿರುವಾಗ ಸುಮಾರು 0.15 ಮಿ.ಮೀ. ಇರಬೇಕಾದ ಟ್ಯಾಪೆಟ್ ಅಂತರ ಸೊನ್ನೆಗೆ ಬಂದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ಸುಟ್ಟುಹೋಗುತ್ತದೆ. ಸಾಮಾನ್ಯವಾಗಿ ಸವೆದ ಎಂಜಿನ್ನಿನಲ್ಲಿ ಟ್ಯಾಪೆಟ್ ಕಟಕಟ ಎನ್ನುತ್ತದೆ. ಸೀಟಿನ ಸವೆತ ಮಾತ್ರ ಸದ್ದಿಲ್ಲದೆ ಬರುವ ಕೇಡು. ಗ್ಯಾಸ್ ಕಾರಿನ ಟ್ಯಾಪೆಟ್ ತೀರಾ ಮೌನವಾಗಿದೆಯೆಂದು ಸಂತೋಷಪಡದೆ ಅಂತರ ಅಳೆಸಬೇಕು. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ಕಡೆಗೆ ಗಟ್ಟಿ ಮಿಶ್ರಲೋಹದ ಸೀಟು ಕೂರಿಸಿ, ಅದಕ್ಕೆ ತಕ್ಕ ವಾಲ್ವ್ ಹಾಕಿಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇದು ಅಶ್ವಶಕ್ತಿಯನ್ನು ಒಂದಿಷ್ಟೂ ಏರಿಸುವುದಿಲ್ಲ. ಎಂಜಿನ್ನಿನ ಆಯುಸ್ಸನ್ನು ಏರಿಸುತ್ತದೆ.

ಉಳಿತಾಯ ಎಲ್ಲಿ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನೂ ಹೇಳಿಬಿಡಬೇಕು. ಬಿಚ್ಚಿ ಕೂರಿಸುವ ಕೂಲಿ ಒಂದೇ ಸಲದ ಖರ್ಚು. ಅದನ್ನು ಎರಡು ಸಲ ಕೊಡುವಂತೆ ಮಾಡುವ ಯಾವ ಉಳಿತಾಯವೂ ಉಳಿತಾಯವಲ್ಲ. ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲುಗಳು, ಟೈಮಿಂಗ್ ಬೆಲ್ಟ್, ಕಂಪನಿ ಒಮ್ಮೆ ಮಾತ್ರ ಬಳಸಿ ಎಂದು ಹೇಳಿದ್ದರೆ ಹೆಡ್ ಬೋಲ್ಟುಗಳು, ಇವುಗಳಲ್ಲಿ ಕಾಸು ನೋಡಬಾರದು. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಕೈಯಂದಾಜಿನ ಬಿಗಿತವೇ ಎಷ್ಟೋ ಹೊಸ ಗ್ಯಾಸ್ಕೆಟ್ಟುಗಳನ್ನು ಹಾಳುಮಾಡಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನ್ ಮೊದಲು ಕಾದದ್ದೇಕೆ ಎಂದು ಕಂಡುಹಿಡಿಯದೆ ಹೆಡ್ ಕೂರಿಸಬಾರದು. ಕಟ್ಟಿಕೊಂಡ ರೇಡಿಯೇಟರ್, ಅಂಟಿಕೊಂಡ ಥರ್ಮೋಸ್ಟಾಟ್, ತಿರುಗದ ಫ್ಯಾನ್, ಕೂಲೆಂಟ್ ಬದಲು ವರ್ಷಗಟ್ಟಲೆ ಸುರಿದ ಬೋರ್‌ವೆಲ್ ನೀರು, ಇವುಗಳಲ್ಲಿ ಒಂದು ಉಳಿದರೂ ಹೊಸ ಹೆಡ್ಡು ಹಳೆಯ ಹೆಡ್ಡಿನ ದಾರಿಯನ್ನೇ ಹಿಡಿಯುತ್ತದೆ. ಉಳಿಸಲು ಜಾಗವೂ ಇದೆ. ಅಳತೆಯೊಳಗಿರುವ ಇನ್‌ಲೆಟ್ ವಾಲ್ವ್, ಸ್ಪ್ರಿಂಗ್, ರಾಕರುಗಳನ್ನು ಬದಲಿಸಬೇಕಿಲ್ಲ. ಮಸಿ ಕೆರೆಯುವುದು, ತೊಳೆಯುವುದು, ಭಾಗಗಳನ್ನು ಯಾವ ಸಿಲಿಂಡರಿನದೆಂದು ಗುರುತು ಹಾಕಿಡುವುದು ಕೈಗೆ ಕೆಲಸ ಗೊತ್ತಿರುವ ಮಾಲೀಕರೇ ಮಾಡಿಕೊಳ್ಳಬಹುದು.

ಕೊನೆಯ ಆಕ್ಷೇಪ ಬಹಳ ವ್ಯಾವಹಾರಿಕವಾದದ್ದು: ಹಳೆಯ ಕಾರಿಗೆ ಇಷ್ಟೆಲ್ಲ ಅಳತೆ, ಪರೀಕ್ಷೆ ಯಾರು ಮಾಡಿಸುತ್ತಾರೆ, ಗ್ಯಾರೇಜಿನವರು ಒಪ್ಪುತ್ತಾರೆಯೇ? ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಹೊಗೆ ಪರೀಕ್ಷೆಯಂತೂ ಬಿಟ್ಟದ್ದಲ್ಲ. ಆಯಿಲ್ ಸುಡುವ, ಸೋರುವ ಹೆಡ್ಡಿಟ್ಟುಕೊಂಡು ಅಷ್ಟು ವರ್ಷ ತಳ್ಳಲಾಗದು; ಅಷ್ಟು ವರ್ಷ ಓಡಿಸುವ ಇರಾದೆ ಇಲ್ಲದಿದ್ದರೆ ಹೆಡ್ ಬಿಚ್ಚಿಸದೆ ಕಾರು ಮಾರುವುದೇ ಮೇಲು. ಇನ್ನು ಪರೀಕ್ಷೆಗಳ ಖರ್ಚು. ಫೀಲರ್ ಗೇಜು, ಉಕ್ಕಿನ ಪಟ್ಟಿ, ನೀಲಿ ಪೇಸ್ಟು, ಸೀಮೆಎಣ್ಣೆ ಯಾವುದೂ ದೊಡ್ಡ ಬಂಡವಾಳ ಬೇಡುವ ವಸ್ತುಗಳಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಯಿದೆ, ಸೀಟು-ಗೈಡು-ಫೇಸಿಂಗ್ ಮಾಡುವ ಬೋರಿಂಗ್ ಅಂಗಡಿಗಳು ಜಿಲ್ಲಾ ಕೇಂದ್ರಗಳಲ್ಲೂ ಇವೆ. ಕೊರತೆ ಇರುವುದು ಉಪಕರಣದ್ದಲ್ಲ, ಅಳತೆ ಕೇಳುವ ಗಿರಾಕಿಗಳದ್ದು. ಹೆಡ್ ಕೆಲಸಕ್ಕೆ ಕಾರು ಬಿಡುವ ಮುನ್ನ ಬಿಚ್ಚುವ ಮೊದಲಿನ ಕಂಪ್ರೆಶನ್, ತಳದ ಬಾಗು, ಗೈಡಿನ ಅಂತರ, ಎಷ್ಟು ಕೆತ್ತಿದರು, ಕೂರಿಸಿದ ಮೇಲಿನ ಕಂಪ್ರೆಶನ್, ಈ ಐದನ್ನು ಬಿಲ್ಲಿನ ಹಿಂದೆ ಬರೆದುಕೊಡಿ ಎಂದು ಕೇಳಿ. ಬರೆದುಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬರೆದುಕೊಡಲು ಒಲ್ಲದ ಅಂಗಡಿ ಎಷ್ಟು ಅಗ್ಗವಾದರೂ ದುಬಾರಿಯೇ.